ರತ್ನನು ಬಿಟ್ಟದ್ದು, ಬಿಡದುದು

೧೯೩೦ರ ದಶಕದಲ್ಲಿ ಹೊರಬಂದು ಇಂದಿಗೂ ಕನ್ನಡಿಗರ ನಾಲಗೆಯ ಮೇಲಿರುವ ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಎಂಬ ಕೃತಿಯ ವಿಷಯದಲ್ಲಿ ವಾಚಕರು ಎರಡು ಪಂಗಡವಾಗಿರುವರು. ಮೊದಲನೆಯ ಪಂಗಡದವರಿಗೆ ರತ್ನನು ಕನ್ನಡಾಭಿಮಾನದ ಮೂರ್ತಿ. ನವೆಂಬರ್ ತಿಂಗಳ ಮೊದಲನೆಯ ದಿನ ಸೇಡಂನಲ್ಲಾಗಲಿ ಚಿತ್ತಾಪುರದಲ್ಲಾಗಲಿ ಧ್ವಜವೇರಿದೊಡನೆ ಧ್ವನಿವರ್ಧಕದಲ್ಲಿ ಅವನ ಪದ ಕೇಳಿಬರುವುದು. ಅವನ ಪಂತದ ಮಾತಿಗೆ ಸಭೆ ಚಪ್ಪಾಳೆ ತಟ್ಟುವುದು. ಎರಡನೆಯ ಪಂಗಡದವರಿಗೆ ಅವನು ಬರಿಯ ಕುಡುಕ. ಕುಡಿತದಿಂದ ಮನೆಗಳು ಹಾಳಾಗಿರುವ ಸೀಮೆಯಲ್ಲಿ ಕುಡುಕನೊಬ್ಬನನ್ನು ನಾಯಕಸ್ಥಾನದಲ್ಲಿ ಕೂಡಿಸಿ ಹಾಡುವುದು ಉಚಿತವೇ, ಅದರಲ್ಲಿಯೂ ಮಕ್ಕಳ ಮುಂದೆ, ಎಂಬುದು ಅವರ ಆಕ್ಷೇಪ. ಇದನ್ನು ಅರಸಿಕರ ಮಾತೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಶಹಾಬಾದಿನ ಕಲ್ಲುಗಣಿಯಲ್ಲಿ ಹಗಲೆಲ್ಲ ಉಳಿ ಸುತ್ತಿಗೆ ಹಿಡಿದು ಹಾಸುಗಲ್ಲು ಎಬ್ಬಿಸಿದವನ ಕೂಲಿಯಲ್ಲಿ ಎಷ್ಟು ಪಾಲು ಮನೆಗೆ ಬರುವುದು, ಎಷ್ಟು ಪಾಲು ದಾರಿಯಲ್ಲಿಯೇ ಉಳಿಯುವುದು ಎಂಬುದನ್ನು ಆ ಮನೆಯ ಹೆಂಗಸಿನಷ್ಟು ಚೆನ್ನಾಗಿ ಯಾವ ವಿಮರ್ಶಕನೂ ಅರಿಯನು. ಅವಳು ಈ ಪದಗಳನ್ನು ಕೇಳಿ ನಗದೆ ಹೋದರೆ ಅದು ಅವಳ ರಸಿಕತೆಯ ಕೊರತೆಯಲ್ಲ.

ಆದರೆ ಹೊಗಳುವವರೂ ತೆಗಳುವವರೂ ಒಂದು ಪದವನ್ನು ಪೂರ್ತಿಯಾಗಿ ಓದಿದಂತೆ ಕಾಣುವುದಿಲ್ಲ. ಸಭೆಗಳಲ್ಲಿ ಹಾಡುವ ಪದವೂ ಅದೇ ಆಗಿರುವುದು ವಿಚಿತ್ರ. ‘ರತ್ನನ್ ಪದಗೋಳು’ ಎಂಬ ಆ ಪದ್ಯದ ಸಾರವು ಇಷ್ಟು. ಹೆಂಡ, ಹೆಂಡತಿ, ಕನ್ನಡದ ಪದಗಳು ಈ ಮೂರೂ ರತ್ನನಿಗೆ ಪ್ರಾಣಸಮಾನ. ಒಂದು ವೇಳೆ ಭಗವಂತನು ಭೂಮಿಗಿಳಿದು ಭಕ್ತನ ಪರೀಕ್ಷೆಗೆಂದು ಅವನ ಬಳಿಗೆ ಬಂದನೆನ್ನೋಣ. ಕುಡಿಯುವುದನ್ನು ಬಿಡೆಂದು ದೇವರು ಹೇಳಿದರೆ ರತ್ನನು ಎದುರಾಡುವುದಿಲ್ಲ. ಎದುರಾಡಿದರೆ ತನ್ನ ಮೂಗು ಮುರಿಯಲಿ ಎಂದು ಆಣೆಯಿಡುವನು. ಹೆಂಡತಿಯನ್ನು ಬಿಡೆಂದರೆ ಪೀಡೆ ತೊಲಗಿತೆಂದು ಕುಣಿಯುವನು. ಕನ್ನಡದ ಪದಗಳನ್ನು ನಿಲ್ಲಿಸೆಂದರೆ ಮಾತ್ರ ಭಕ್ತನು ಬಂಡಾಯಗಾರನಾಗುವನು. ನರಕಕ್ಕೆ ತಳ್ಳಿದರೂ ನಾಲಗೆಯನ್ನು ಸೀಳಿದರೂ ಬಾಯಿಯನ್ನು ಹೊಲಿದರೂ ಮೂಗಿನಿಂದಲಾದರೂ ಹಾಡಿಯೇ ಹಾಡುವೆನೆಂಬುದು ಅವನ ಉತ್ತರ. ಕೊನೆಗೆ ಮೊದಲ ಎರಡನ್ನೂ ಹೊಳೆಗೆ ಬಿಟ್ಟು ಮೂರನೆಯದೊಂದು ಜಗತ್ತಿರುವವರೆಗೂ ಬಾಳಲೆಂದು ಹಾರೈಸಿ ಮುಗಿಸುವನು.

ಗ್ರಂಥವೊಂದರ ತಾತ್ಪರ್ಯವನ್ನು ನಿರ್ಣಯಿಸಬೇಕಾದರೆ ಉಪಕ್ರಮವನ್ನೂ ಉಪಸಂಹಾರವನ್ನೂ ಜೊತೆಗಿಟ್ಟು ನೋಡಬೇಕೆಂದು ಮೀಮಾಂಸಕರು ವಿಧಿಸಿರುವರು. ವೇದವಾಕ್ಯಕ್ಕೆಂದು ಹುಟ್ಟಿದ ಆ ಕ್ರಮವನ್ನು ಹೆಂಡದಂಗಡಿಯ ಪದಕ್ಕೆ ಹಚ್ಚುವುದು ಕೆಲವರಿಗೆ ಅಪಚಾರವೆಂದು ತೋರೀತು. ಆದರೂ ಹಚ್ಚಿ ನೋಡಿದರೆ ನಷ್ಟವಿಲ್ಲ. ಉಪಕ್ರಮದಲ್ಲಿ ಪ್ರಾಣಸಮಾನವಾದವು ಮೂರು, ಉಪಸಂಹಾರದಲ್ಲಿ ಒಂದು. ಹೀಗಿರುವಾಗ ಈ ಪದ್ಯವು ಕನ್ನಡಾಭಿಮಾನದ ಪದ್ಯವೆಂಬುದೆಷ್ಟು ದಿಟವೋ ಮದ್ಯತ್ಯಾಗದ ಪದ್ಯವೆಂಬುದೂ ಅಷ್ಟೇ ದಿಟ. ಮೂರರಲ್ಲಿ ಮೊದಲು ಕೈಬಿಟ್ಟು ಹೋಗುವುದೇ ಹೆಂಡ. ಚಪ್ಪಾಳೆಯ ಸದ್ದಿನಲ್ಲಿ ಇದು ಯಾರ ಕಿವಿಗೂ ಬೀಳದೆ ಹೋಗಿದೆ.

ಇದರ ಹೊಸತನವನ್ನು ತಿಳಿಯಬೇಕಾದರೆ ಹಳೆಯ ಕಾವ್ಯಗಳಲ್ಲಿ ಮದ್ಯದ ಪಾಡು ಏನಾಗಿದ್ದಿತೆಂಬುದನ್ನು ನೋಡಬೇಕು. ದೂರ ಹೋಗುವ ಕಾರಣವಿಲ್ಲ. ಕಾಗಿಣಾ ನದಿಯ ದಂಡೆಗೆ ಹೋದರೆ ಸಾಕು. ಸೇಡಂ ತಾಲ್ಲೂಕಿನ ಇಂದಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗವು ಹುಟ್ಟಿದ ಊರು. ಆ ಗ್ರಂಥಕ್ಕೆ ಬಹುಮಟ್ಟಿಗೆ ಆಧಾರವಾದ ಕಾವ್ಯಾದರ್ಶದಲ್ಲಿ ದಂಡಿಯು ಮಹಾಕಾವ್ಯದಲ್ಲಿರಬೇಕಾದ ವರ್ಣನೆಗಳನ್ನು ಎಣಿಸುತ್ತ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯಗಳ ಸಾಲಿನಲ್ಲಿಯೇ ಮಧುಪಾನವನ್ನೂ ಸೇರಿಸಿರುವನು. ಅಲ್ಲಿಂದ ಮುಂದೆ ಮಧುಪಾನವು ಕವಿಗಳಿಗೆ ಒಂದು ಕಟ್ಟಳೆಯಾಯಿತು. ೯೪೧ರ ಸುಮಾರಿಗೆ ಪಂಪನು ಬರೆದ ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಸೂಳೆಗೇರಿಯ ಕುಡಿಯುವ ಕೂಟದ ವರ್ಣನೆಯಿದೆ. ಆ ಭಾಗದಲ್ಲಿ ಪಂಪನ ಕಣ್ಣು ಎಷ್ಟು ಸೂಕ್ಷ್ಮವೆಂಬುದನ್ನು ಓದಿದವರು ಬಲ್ಲರು. ತೊದಲು ನುಡಿಯನ್ನು, ತಪ್ಪು ಹೆಜ್ಜೆಯನ್ನು, ಮದವೇರಿದ ನೋಟವನ್ನು ಅವನು ಬಿಡದೆ ಕಂಡಿರುವನು. ಆದರೆ ಆ ಕೂಟದಲ್ಲಿ ಯಾರಿಗೂ ಮರುದಿನವೆಂಬುದಿಲ್ಲ. ಮರುದಿನ ಬೆಳಗಾದಾಗ ಕವಿಯು ಅಲ್ಲಿಂದೆದ್ದು ಯುದ್ಧವರ್ಣನೆಗೋ ಸೂರ್ಯೋದಯಕ್ಕೋ ಹೋಗಿರುತ್ತಾನೆ. ಕುಡಿಯುವವರು ನೋಡುವವನಿಗೆ ಒಂದು ದೃಶ್ಯ, ಅಷ್ಟೇ.

ಮರುದಿನದ ಲೆಕ್ಕವನ್ನು ಕೇಳಿದವರು ಜೈನ ಶಾಸ್ತ್ರಕಾರರು. ಅವರಲ್ಲಿ ಸೋಮದೇವಸೂರಿಯ ಯಶಸ್ತಿಲಕವು ಮುಖ್ಯವಾದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಶಕವರ್ಷ ೮೮೧ರಲ್ಲಿ, ಎಂದರೆ ಕ್ರಿಸ್ತಶಕ ೯೫೯ರಲ್ಲಿ ಮುಗಿದ ಈ ಚಂಪೂಕಾವ್ಯದ ಕೊನೆಯ ಆಶ್ವಾಸಗಳಲ್ಲಿ ಶ್ರಾವಕರ ಆಚಾರವಿಚಾರಗಳಿವೆ. ಅಲ್ಲಿ ಮದ್ಯದೋಷವನ್ನು ವಿವರಿಸಲು ಏಕಪಾದನೆಂಬ ಪರಿವ್ರಾಜಕನ ಕಥೆಯನ್ನು ಹೇಳಿದೆ. ಗಂಗಾಸ್ನಾನಕ್ಕೆ ಹೊರಟ ಈ ಸಂನ್ಯಾಸಿಯು ವಿಂಧ್ಯದ ಕಾಡಿನಲ್ಲಿ ಕುಡಿದು ಮೈಮರೆತಿದ್ದ ಗುಂಪಿನ ಕೈಗೆ ಸಿಕ್ಕುತ್ತಾನೆ. (ಆ ಗುಂಪಿಗೆ ಒಂದು ಕುಲದ ಹೆಸರನ್ನು ಕಟ್ಟಿರುವುದು ಕಥೆಗೆ ಬೇಕಾಗಿರಲಿಲ್ಲ, ಅದು ಆ ಕಾಲದ ದೋಷವೆಂದು ಇಲ್ಲಿ ಬಿಡಬಹುದು.) ಅವರು ಅವನ ಮುಂದೆ ಮೂರನ್ನಿಡುವರು: ಮದ್ಯ, ಮಾಂಸ, ಸ್ತ್ರೀ. ಒಂದನ್ನಾದರೂ ಒಪ್ಪಿಕೊಳ್ಳದಿದ್ದರೆ ಪ್ರಾಣವುಳಿಯದು. ಸಂನ್ಯಾಸಿಯು ಪಂಡಿತ, ತರ್ಕ ಹೂಡುವನು. ಮಾಂಸಕ್ಕೆ ಘೋರವಾದ ಪ್ರಾಯಶ್ಚಿತ್ತವಿದೆ, ಸ್ತ್ರೀಸಂಗಕ್ಕೆ ಅದಕ್ಕಿಂತಲೂ ಘೋರವಾದುದು. ಮದ್ಯವೆಂದರೆ ಹಿಟ್ಟು, ನೀರು, ಬೆಲ್ಲ ಮೊದಲಾದ ಶುದ್ಧ ಪದಾರ್ಥಗಳ ಕೂಟ. ಸೌತ್ರಾಮಣಿಯಲ್ಲಿ ಅದಕ್ಕೆ ವಿಧಿಯೂ ಉಂಟು. ಆದುದರಿಂದ ಮೂರರಲ್ಲಿ ಅಲ್ಪವಾದುದು ಮದ್ಯವೇ ಎಂದು ನಿಶ್ಚಯಿಸಿ ಕುಡಿಯುವನು. ಕುಡಿದ ಮೇಲೆ ಉಳಿದೆರಡಕ್ಕೂ ತಡೆಯಿಲ್ಲವಾಯಿತು.

ಇಂಥ ಕಥೆ ಇತರ ಮತಗಳಲ್ಲಿಯೂ ಉಂಟು. ಕುರಾನಿನಲ್ಲಿ ಹೆಸರು ಬರುವ ಹಾರೂತ್ ಮಾರೂತ್ ಎಂಬ ದೇವದೂತರ ವಿಷಯದಲ್ಲಿ ವ್ಯಾಖ್ಯಾನಕಾರರು ಹೇಳುವ ಕಥೆಯೂ ಇದೇ ಜಾಡಿನದು. ಹಲವು ಪಾಪಗಳಲ್ಲಿ ಮದ್ಯವೇ ಹಗುರವೆಂದು ಆರಿಸಿಕೊಂಡು ಅವರು ಉಳಿದವುಗಳಲ್ಲಿಯೂ ಬಿದ್ದರು.

ಇನ್ನು ರತ್ನನನ್ನು ಏಕಪಾದನ ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ರಾಜರತ್ನಂ ಅವರು ಜೈನ ಬೌದ್ಧ ಸಾಹಿತ್ಯಗಳಲ್ಲಿ ಪರಿಶ್ರಮವುಳ್ಳವರು. ಆದರೂ ಅವರ ಮನಸ್ಸಿನಲ್ಲಿ ಈ ಕಥೆಯಿದ್ದಿತೆಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ರಚನೆಯ ಸಾಮ್ಯವಷ್ಟೇ ಸಾಕು. ಇಬ್ಬರ ಮುಂದೆಯೂ ಮೂರು ವಸ್ತುಗಳು. ಇಬ್ಬರನ್ನೂ ಪರೀಕ್ಷಿಸುವ ಬಲಶಾಲಿಗಳು ಎದುರಿಗೆ. ಇಬ್ಬರಿಗೂ ಮೊದಲ ವಸ್ತು ಮದ್ಯ. ಏಕಪಾದನನ್ನು ಹಿಡಿದವರು ಮೂರರಲ್ಲಿ ಒಂದನ್ನು ಹಿಡಿ ಎನ್ನುವರು. ರತ್ನನ ದೇವರು ಮೂರನ್ನೂ ಒಂದೊಂದಾಗಿ ಬಿಡು ಎನ್ನುವನು. ಏಕಪಾದನು ಶಾಸ್ತ್ರವನ್ನು ತಿರುವಿಹಾಕಿ ಕುಡಿಯಲು ಕಾರಣವನ್ನು ಕಂಡುಕೊಳ್ಳುವನು. ರತ್ನನಿಗೆ ಶಾಸ್ತ್ರವಿಲ್ಲ, ತರ್ಕವಿಲ್ಲ, ಬಿಡೆಂದರೆ ಬಿಡುವನು. ಕುಡಿಯಲು ಕಾರಣ ಹುಡುಕುವವನಿಗೆ ವೇದದಲ್ಲಿಯೂ ಕಾರಣ ಸಿಕ್ಕುವುದೆಂಬ ಸೋಮದೇವನ ಚುಚ್ಚುಮಾತು ವಿದ್ಯಾವಂತ ಕುಡುಕರಿಗೆಲ್ಲ ಇಂದಿಗೂ ತಾಗುತ್ತದೆ. ಆದರೆ ಸೋಮದೇವನ ಕಥೆಯಲ್ಲಿ ಒಂದು ಕೊರತೆಯಿದೆ. ಏಕಪಾದನಿಗೆ ಬಿಡಬಾರದವು ಬಹಳವಿದ್ದುವು. ಹಿಡಿದುಕೊಳ್ಳತಕ್ಕದ್ದು ಒಂದೂ ಇರಲಿಲ್ಲ. ಗಂಗೆಯ ಸ್ನಾನವೊಂದಿತ್ತೆನ್ನಬಹುದು, ಆದರೆ ಪ್ರಾಣಭಯ ಬಂದೊಡನೆ ಅವನಿಗೆ ಗಂಗೆಯ ನೆನಪಾದಂತೆ ಕಥೆಯಲ್ಲಿ ಕಾಣದು. ರತ್ನನಿಗೆ ಮೂರನೆಯದೊಂದಿದ್ದಿತು. ಆ ಮೂರನೆಯದರ ಬಲದಿಂದಲೇ ಅವನು ಮೊದಲನೆಯದನ್ನು ಅಷ್ಟು ಹಗುರವಾಗಿ ಎಸೆಯಬಲ್ಲವನಾದನು.

ಇಲ್ಲಿ ಬಲವಾದ ಆಕ್ಷೇಪವೊಂದು ಬರುತ್ತದೆ. ಮತ್ತೊಂದು ಪದದಲ್ಲಿ ರತ್ನನು ಹೆಂಡ ಮುಟ್ಟಿದ ಕೈಯನ್ನು ಜೋಡಿಸಿ, ಹೆಂಡ ತುಂಬಿದ ಮೈಯನ್ನು ಬಾಗಿಸಿ ಬ್ರಹ್ಮನಿಗೆ ನಮಸ್ಕರಿಸುವನು. ಈ ಪದ್ಯದ ಆರಂಭದಲ್ಲಿಯೇ, ಬುಂಡೆಯನ್ನೆತ್ತಿ ಕುಡಿದನೆಂದರೆ ಪದಗಳು ಬಾಣದಂತೆ ಬರುವುವೆಂದು ತಾನೇ ಹೇಳಿಕೊಳ್ಳುವನು. ಹಾಗಾದರೆ ಇದು ಅಮಲಿನಲ್ಲಿ ಮಾಡಿದ ಪ್ರತಿಜ್ಞೆಯಲ್ಲವೇ? ಕುಡಿದವನು ಇನ್ನು ಕುಡಿಯೆನೆಂದು ಆಣೆಯಿಡುವುದು ವಾಡಿಯ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವವರಷ್ಟು ಸಾಮಾನ್ಯ. ಅಂಥ ಆಣೆಗಳ ಆಯುಷ್ಯ ಮರುದಿನ ಸಂಜೆಯವರೆಗೆಂಬುದನ್ನು ಎಲ್ಲ ಮನೆಗಳೂ ಅರಿತಿವೆ. ಅಲ್ಲದೆ ಪದಗಳ ಮೂಲವೇ ಹೆಂಡವಾದರೆ ಹೆಂಡವನ್ನು ಬಿಟ್ಟು ಪದಗಳನ್ನು ಉಳಿಸಿಕೊಳ್ಳುವುದೆಂತು? ಬಾವಿಯನ್ನು ಮುಚ್ಚಿ ನೀರನ್ನು ಇಟ್ಟುಕೊಳ್ಳುತ್ತೇನೆಂದಂತೆ ಆಗಲಿಲ್ಲವೇ?

ಆಕ್ಷೇಪದ ಮೊದಲ ಭಾಗವನ್ನು ಒಪ್ಪಲೇಬೇಕು. ಎರಡನೆಯ ಭಾಗದಲ್ಲಿಯೇ ಪದ್ಯದ ಜೀವವಿರುವುದು. ಕುಡಿಯುವವರಲ್ಲಿ ಬಹುಮಂದಿಗೆ ಒಂದು ನಂಬಿಕೆಯುಂಟು: ತಮ್ಮಲ್ಲಿರುವ ಒಳ್ಳೆಯದೆಲ್ಲ, ಧೈರ್ಯವಾಗಲಿ ಸ್ನೇಹವಾಗಲಿ ನಾಲ್ಕು ಜನರಲ್ಲಿ ಮಾತಾಡುವ ಶಕ್ತಿಯಾಗಲಿ, ಕುಡಿತದಿಂದಲೇ ಬಂದುದು, ಅದು ಹೋದರೆ ಇದೂ ಹೋಗುವುದು. ಗಣಿಯಲ್ಲಿ ಮೈಮುರಿದು ಬಂದವನು ನಿದ್ದೆ ಅದರಿಂದಲೇ ಎನ್ನುವನು. ಭಜನೆಯಲ್ಲಿ ಹಾಡುವವನು ಕಂಠ ಅದರಿಂದಲೇ ಎನ್ನುವನು. ರತ್ನನೂ ಆರಂಭದಲ್ಲಿ ಅದನ್ನೇ ಹೇಳುವನು. ಆದರೆ ಪರೀಕ್ಷೆಯ ಕಲ್ಪನೆ ಬಂದೊಡನೆ, ಕಲ್ಪನೆಯಲ್ಲಿಯೇ ಆದರೂ, ಅವನು ಎರಡನ್ನೂ ಬೇರೆ ಬೇರೆ ಕೈಯಲ್ಲಿ ಹಿಡಿದು ತೂಗುವನು. ತೂಗಿದಾಗ ಅವೆರಡೂ ಒಂದಲ್ಲವೆಂಬುದು ಅವನಿಗೆ ಗೊತ್ತಾಗುವುದು. ಬುಂಡೆ ಒಡೆದರೂ ಪದ ಒಡೆಯದು. ಇದನ್ನು ದೇವರು ಹೇಳಿಕೊಡಲಿಲ್ಲ, ಯಾವ ಉಪದೇಶಕನೂ ಹೇಳಿಕೊಡಲಿಲ್ಲ. ಪದವನ್ನು ಕಟ್ಟುತ್ತ ಕಟ್ಟುತ್ತ ಅವನೇ ಕಂಡುಕೊಂಡನು. ಪದ್ಯದ ಮೊದಲಿನಲ್ಲಿರುವ ರತ್ನನಿಗೂ ಕೊನೆಯಲ್ಲಿರುವ ರತ್ನನಿಗೂ ಇರುವ ಅಂತರ ಇದೇ.

ಇದನ್ನು ಕವಿಯು ಹೇಗೆ ಸಾಧಿಸಿರುವನೆಂಬುದಕ್ಕೆ ಮೂಗಿನ ಮಾತೊಂದು ಸಾಕು. ಹೆಂಡದ ವಿಷಯದಲ್ಲಿ ದೇವರಿಗೆ ಅಡ್ಡಬಂದರೆ ಮುರಿಸಿಕೊಳ್ಳುವುದು ಮೂಗು. ಕನ್ನಡದ ವಿಷಯದಲ್ಲಿ ನಾಲಗೆ ಬಾಯಿಗಳೆರಡೂ ಹೋದ ಮೇಲೆ ಹಾಡಲು ಉಳಿಯುವುದೂ ಮೂಗೇ. ಮೊದಲ ಆಣೆಯಲ್ಲಿ ಒತ್ತೆಯಿಟ್ಟ ಅಂಗವೇ ಕಡೆಯ ಪಂತದಲ್ಲಿ ವಾದ್ಯವಾಯಿತು. ಹೆಂಡದ ಮಾತಿನಲ್ಲಿ ಅವನು ಹಟ ಮಾಡಿದ್ದರೆ ಹಾಡಲು ಮೂಗು ಉಳಿಯುತ್ತಿರಲಿಲ್ಲವಷ್ಟೆ! ಇದು ಕವಿಯು ಎಣಿಸಿ ಇಟ್ಟುದೋ ತಾನಾಗಿ ಬಿದ್ದುದೋ ಎಂಬ ಚರ್ಚೆ ಬೇಡ. ಓದುವವನಿಗೆ ಸಿಕ್ಕಿದ ಧ್ವನಿಯು ಓದುವವನದು. ನಗೆಯ ಮುಸುಕಿನಲ್ಲಿ ಇಷ್ಟು ಬಿಗಿಯಾದ ಹೆಣಿಗೆಯನ್ನು ಹೆಣೆದವರನ್ನು ಕೇವಲ ವಿನೋದಕವಿಗಳೆಂದು ಬದಿಗಿಡುವುದು ತರವಲ್ಲ.

ಇನ್ನು ದೋಷದ ಮಾತು. ಎರಡನೆಯ ಪರೀಕ್ಷೆಯಲ್ಲಿ ಹೆಂಡತಿ ಹೋದರೆ ಕಾಟ ಕಳೆಯಿತೆಂದು ರತ್ನನು ಕುಣಿಯುವುದನ್ನು ಸಭೆಯು ನಗುತ್ತ ಕೇಳುವುದು. ಇದೇ ರತ್ನನು ‘ರತ್ನನ್ ಪರ್ಪಂಚ’ ಎಂಬ ಮತ್ತೊಂದು ಪದದಲ್ಲಿ, ಹೇಳಿಕೊಳ್ಳಲು ಒಂದೂರು, ತಲೆಯ ಮೇಲೊಂದು ಸೂರು, ನಗುತ್ತ ಗಂಜಿ ಕೊಡುವ ಪುಟ್ನಂಜಿ, ಇಷ್ಟಿದ್ದರೆ ತನ್ನ ಜಗತ್ತು ತುಂಬಿತೆಂದು ಹಾಡಿರುವನು. ಅಲ್ಲಿ ಜಗತ್ತೇ ಆದವಳು ಇಲ್ಲಿ ಕಾಟವಾದುದು ಹೇಗೆ? ಪಾತ್ರವು ಕುಡುಕನದು, ಕೂಟವು ಗಂಡಸರದು, ಹೆಂಡದಂಗಡಿಯ ಹಾಸ್ಯವು ಹೀಗೆಯೇ ಇರುವುದೆಂದು ಸಮರ್ಥಿಸಬಹುದು. ಔಚಿತ್ಯದ ದೃಷ್ಟಿಯಿಂದ ಪಾತ್ರಕ್ಕೆ ತಕ್ಕ ಮಾತೇ ಸರಿ. ಆದರೂ ಇಲ್ಲಿ ರಸವು ಕೆಡುತ್ತದೆ. ಪುಟ್ನಂಜಿಯ ಗಂಜಿಗೆ ಉಪ್ಪಿಲ್ಲದಾದುದು ಯಾವ ಬುಂಡೆಯಿಂದ ಎಂಬ ಪ್ರಶ್ನೆಯನ್ನು ಪದ್ಯವು ಕೇಳುವುದಿಲ್ಲ. ಹೆಂಡವನ್ನು ಬಿಡುವ ತ್ಯಾಗ, ಹೆಂಡತಿಯನ್ನು ಬಿಡುವ ತ್ಯಾಗ, ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟುದು ಲೆಕ್ಕದ ತಪ್ಪು: ಮೊದಲನೆಯದನ್ನು ಬಿಟ್ಟವನಿಗೆ ಎರಡನೆಯವಳು ಮರಳಿ ಸಿಕ್ಕುವಳು ಎಂಬುದೇ ಲೋಕದ ಅನುಭವ. ರಾಜ್ಯೋತ್ಸವದ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತ ಹೆಂಗಸರು ಈ ನುಡಿಗೆ ಏಕೆ ಸುಮ್ಮನಾಗುವರೆಂಬುದನ್ನು ಹಾಡುವವರು ಗಮನಿಸಿದರೆ ಒಳ್ಳೆಯದು.

ಆ ಹೆಂಗಸರ ಕಡೆಯಿಂದ ಹುಟ್ಟಿದ ಒಂದು ಬರಹದ ಮಾತನ್ನು ಇಲ್ಲಿ ಹೇಳದಿರಲಾಗದು. ೧೯೯೨ರಲ್ಲಿ ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಸಾಕ್ಷರತೆಯ ತರಗತಿಗೆ ಬರುತ್ತಿದ್ದ ಹೆಂಗಸರು ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಅವರು ಓದುತ್ತಿದ್ದ ಪಾಠಪುಸ್ತಕದಲ್ಲಿ ಸೀತಮ್ಮನ ಕಥೆಯೆಂಬ ಪಾಠವೊಂದಿದ್ದು, ಊರ ಹೆಂಗಸೊಬ್ಬಳು ಸಾರಾಯಿಯನ್ನು ಎದುರಿಸಿದ ಪ್ರಸಂಗವು ಅದರಲ್ಲಿದ್ದಿತು. ಕಿಡಿ ಹೊತ್ತಿ ರಾಜ್ಯವೆಲ್ಲ ಹಬ್ಬಿ, ೧೯೯೫ರಲ್ಲಿ ಅಲ್ಲಿ ಪೂರ್ಣ ಪಾನನಿರೋಧವೇ ಜಾರಿಗೆ ಬಂದಿತು. ಸೇಡಂ ಚಿಂಚೋಳಿಗಳ ಗಡಿಯಾಚೆಗಿರುವ ತಾಂಡೂರು ಆಗ ಆ ರಾಜ್ಯಕ್ಕೆ ಸೇರಿದ್ದಿತು. ೧೯೯೭ರಲ್ಲಿ ನಿರೋಧವನ್ನು ಸಡಿಲಿಸಿದರು. ಅಲಂಕಾರಗಳಿಲ್ಲದ, ಕವಿಯ ಹೆಸರಿಲ್ಲದ, ಆಗತಾನೇ ಅಕ್ಷರ ಕಲಿತವರಿಗಾಗಿ ಬರೆದ ಒಂದು ಪಾಠ! ಕಾವ್ಯದ ಪ್ರಯೋಜನಗಳನ್ನು ಎಣಿಸುತ್ತ ಅಶುಭವನ್ನು ಕಳೆಯುವುದೂ ಒಂದೆಂದು ಮಮ್ಮಟನು ಹೇಳಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಕ್ಕುವುದು ಕಷ್ಟ. ಆದರೂ ಆ ಪಾಠದಲ್ಲಿಯೂ ಈ ಪದ್ಯದಲ್ಲಿಯೂ ಇರುವ ಭೇದವನ್ನು ಮರೆಯಬಾರದು. ಸೀತಮ್ಮನು ಅಂಗಡಿಯನ್ನು ಮುಚ್ಚಿಸಬಲ್ಲಳು; ಅಂಗಡಿ ಮುಚ್ಚಿದ ಸಂಜೆ ಅವಳ ಗಂಡನು ಏನು ಮಾಡಬೇಕೆಂಬುದು ಅವಳ ಕೈಯಲ್ಲ.

ಕೊಡಲಿಯಿಂದಲೂ ಕಾಯಿದೆಯಿಂದಲೂ ಈ ಕೆಲಸವನ್ನು ಮಾಡಿನೋಡಿದ್ದಾಗಿದೆ. ನಿಜಾಮರ ಬೊಕ್ಕಸಕ್ಕೆ ಆಬಕಾರಿ ದೊಡ್ಡ ಆಧಾರವಾಗಿದ್ದಿತು. ಆದುದರಿಂದಲೇ ೧೯೪೭–೪೮ರ ಹೈದರಾಬಾದ್ ವಿಮೋಚನಾ ಹೋರಾಟದಲ್ಲಿ ಸೇಂದಿಯ ಮರಗಳನ್ನು ಕಡಿಯುವುದು ಸತ್ಯಾಗ್ರಹದ ಒಂದು ಅಂಗವಾಯಿತು. ಕರ್ನಾಟಕದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿಯ ಮಾರಾಟವು ನಿಂತಿತು. ಮರ ಬಿದ್ದಿತು, ಪಾಕೀಟು ಹೋಯಿತು, ಸೀಸೆ ಬಂದಿತು. ಇದು ಒತ್ತಟ್ಟಿಗಿರಲಿ, ರಾಜ್ಯನೀತಿಯ ಚರ್ಚೆಗೆ ಬೇರೆ ಪತ್ರಿಕೆಗಳಿವೆ.

ಮಾರುವವನ ಕಡೆಯಿಂದ ಈ ವಿಷಯವನ್ನು ನೋಡಿದ ಎರಡು ಕೃತಿಗಳನ್ನು ಮಾತ್ರ ಸೂಚಿಸಿ ಮುಂದುವರಿಯಬಹುದು. ಚಿತ್ತಾಪುರ ಸೀಮೆಯ ಭೀಮಾತೀರದಲ್ಲಿ ಸನ್ನತಿಯ ಬಳಿ ಕನಗನಹಳ್ಳಿಯ ಬೌದ್ಧಸ್ತೂಪವನ್ನು ಕಂಡವರಿಗೆ ಜಾತಕಕಥೆಗಳು ಒಂದು ಕಾಲಕ್ಕೆ ಈ ನೆಲದ ಕಥೆಗಳೂ ಆಗಿದ್ದುವೆಂದು ಹೇಳಬೇಕಾಗಿಲ್ಲ. ಅವುಗಳಲ್ಲಿ ಕುಂಭಜಾತಕವೆಂಬುದೊಂದುಂಟು. ಸಬ್ಬಮಿತ್ತನೆಂಬ ರಾಜನು ಸುರಾಪಾನಕ್ಕೆ ಸಿದ್ಧನಾಗಿ ಕುಳಿತಿರುವಾಗ ಶಕ್ರನು ಬ್ರಾಹ್ಮಣವೇಷದಿಂದ ಸುರೆಯ ಕುಂಭವನ್ನು ಹಿಡಿದು ಬಂದು, ಕೊಳ್ಳಿರಿ ಎಂದು ಕೂಗುತ್ತ, ಸರಕಿನ ಗುಣವನ್ನು ಹೊಗಳುವುದಕ್ಕೆ ಬದಲಾಗಿ ಅದರ ದೋಷಗಳನ್ನೆಲ್ಲ ಒಂದೊಂದಾಗಿ ಎಣಿಸುವನು. ರಾಜನ ಮನಸ್ಸು ತಿರುಗುವುದು. ಮತ್ತೊಬ್ಬನು ಕಲ್ಪನೆಯವನಲ್ಲ, ಹನ್ನೆರಡನೆಯ ಶತಮಾನದ ಶರಣ ಹೆಂಡದ ಮಾರಯ್ಯ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಅವನ ಕೆಲವೇ ವಚನಗಳು ದೊರೆತಿವೆ. ತನ್ನ ವೃತ್ತಿಯ ಮಾತುಗಳನ್ನೇ, ಭಾಜನ, ಸುಧೆ, ಮಾರುವುದು, ಕೊಳ್ಳುವುದು ಎಂಬಿವನ್ನೇ, ಅವನು ಅನುಭಾವಕ್ಕೆ ತಿರುಗಿಸಿಕೊಂಡನು. ಹೆಂಡ ಮಾರುವವನೆಂದು ಕರೆದ ಹೆಸರನ್ನು ಅಳಿಸದೆ, ಆ ಹೆಸರಿನೊಳಗೆ ಬೇರೆ ಅರ್ಥವನ್ನು ತುಂಬಿದ ಇವನ ಉಪಾಯವೂ ರತ್ನನ ಉಪಾಯವೂ ಒಂದೇ ಜಾತಿಯವು. ಇಬ್ಬರೂ ನಿಂತ ನೆಲವನ್ನು ಬಿಡದೆ ಮೇಲೆದ್ದವರು.

ರತ್ನನ ಪದ್ಯದಲ್ಲಿ ದೇವರು ಆಜ್ಞಾಪಿಸುವನು. ಆಜ್ಞೆಗೆ ಭಕ್ತನು ಒಮ್ಮೆ ತಲೆಬಾಗುವನು, ಇನ್ನೊಮ್ಮೆ ತಿರುಗಿಬೀಳುವನು. ಆಜ್ಞಾಪಿಸದೆ ಬೇಡಿದ್ದರೆ ಏನಾಗುತ್ತಿದ್ದಿತೆಂಬ ಪ್ರಶ್ನೆಗೆ ಕಾವ್ಯದಲ್ಲಿ ಉತ್ತರವಿಲ್ಲ, ಲೋಕದಲ್ಲಿದೆ. ಇಳಕಲ್ಲಿನ ಚಿತ್ತರಗಿ ಮಠದ ಮಹಾಂತ ಶಿವಯೋಗಿಗಳು ೧೯೭೫ರಿಂದ ಜೋಳಿಗೆ ಹಿಡಿದು ಊರೂರು ಕೇರಿಕೇರಿ ಸುತ್ತಿ, ಜೋಳದ ಭಿಕ್ಷೆಯನ್ನಲ್ಲ, ದುಶ್ಚಟಗಳ ಭಿಕ್ಷೆಯನ್ನು ಬೇಡಿದರು. ೨೦೧೮ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ ೧ ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿರುವುದು. ಸಾಹಿತ್ಯಪತ್ರಿಕೆಯಲ್ಲಿ ಇದರ ಪ್ರಸ್ತಾಪವೇಕೆಂದರೆ, ಆ ಜೋಳಿಗೆಯು ಒಂದು ಉತ್ತಮ ರೂಪಕ. ಕುಡುಕನು ಯಾವಾಗಲೂ ಬೇಡುವವನು. ಹೆಂಡತಿಯ ಹತ್ತಿರ, ಅಂಗಡಿಯವನ ಹತ್ತಿರ, ದಾರಿಯಲ್ಲಿ ಸಿಕ್ಕ ಗೆಳೆಯನ ಹತ್ತಿರ ಅವನ ಕೈ ಚಾಚಿರುವುದು. ಅಂಥವನ ಬಾಗಿಲಿಗೆ ಸ್ವಾಮಿಗಳು ಬಂದು ಕೈಚಾಚಿ ನಿಂತಾಗ ಅವನು ಆ ಕ್ಷಣಕ್ಕೆ ದಾನಿಯಾಗುವನು. ಕೊಡುವುದಕ್ಕೆ ತನ್ನಲ್ಲಿಯೂ ಒಂದುಂಟೆಂದು ಅವನಿಗೆ ತಿಳಿಯುವುದು. ಬಿಡು ಎಂಬ ಮಾತಿಗೂ ಕೊಡು ಎಂಬ ಮಾತಿಗೂ ಇರುವ ಅಂತರವನ್ನು ವೈಯಾಕರಣರು ಧಾತುಪಾಠದಲ್ಲಿ ಹುಡುಕಬೇಕಾಗಿಲ್ಲ. ರಾಜರತ್ನಂ ಅವರ ದೇವರಿಗೆ ಈ ಜೋಳಿಗೆ ಹೊಳೆದಿದ್ದರೆ ಮೂರನೆಯ ಪರೀಕ್ಷೆಗೆ ಅವಕಾಶವೇ ಬರುತ್ತಿರಲಿಲ್ಲ. ಆದರೆ ಆಗ ಪದ್ಯವೂ ಇರುತ್ತಿರಲಿಲ್ಲ. ಕವಿತೆಗೆ ಜಗಳ ಬೇಕು.

ಈ ಪದಗಳನ್ನು ಬರೆದ ಕವಿಯು ಸ್ವತಃ ಹೆಂಡವನ್ನು ಮುಟ್ಟಿದವರಲ್ಲವೆಂಬುದು ಪ್ರಸಿದ್ಧ. ಕನ್ನಡದ ಅಧ್ಯಾಪಕರು, ಮಕ್ಕಳಿಗಾಗಿ ನಾಯಿಮರಿಯ ಪದ್ಯವನ್ನೂ ತುತ್ತೂರಿಯ ಪದ್ಯವನ್ನೂ ಬರೆದವರು, ಬುದ್ಧನ ವಿಷಯವಾಗಿ ಹಲವು ಗ್ರಂಥಗಳನ್ನು ಕನ್ನಡಕ್ಕೆ ಕೊಟ್ಟವರು. ಪಂಚಶೀಲಗಳಲ್ಲಿ ಐದನೆಯದು ಸುರಾತ್ಯಾಗವೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಥವರು ಉಪದೇಶದ ಪೀಠದಲ್ಲಿ ಕುಳಿತು ನಾಲ್ಕು ನೀತಿಪದ್ಯಗಳನ್ನು ಬರೆದಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ, ಯಾರೂ ಓದುತ್ತಲೂ ಇರಲಿಲ್ಲ. ಅವರು ಪೀಠದಿಂದಿಳಿದು ಕುಡುಕನ ಬಾಯಿಯಲ್ಲಿ ತಮ್ಮ ಮಾತನ್ನಿಟ್ಟರು. ಪಂಪನಿಗೆ ದೃಶ್ಯವಾಗಿದ್ದವನು, ಸೋಮದೇವನಿಗೆ ದೃಷ್ಟಾಂತವಾಗಿದ್ದವನು, ಇವರಲ್ಲಿ ‘ನಾನು’ ಎಂದು ಮಾತಾಡಿದನು. ಸಾವಿರ ವರ್ಷದ ಈ ಹಾದಿಯನ್ನು ನೆನೆದರೆ ಕನ್ನಡದಲ್ಲಿ ಇದೊಂದು ದೊಡ್ಡ ಘಟನೆ.

ಆ ‘ನಾನು’ ಆಡುವುದು ಮೈಸೂರು ಕಡೆಯ ಹಳ್ಳಿಗರ ನುಡಿಯನ್ನು. ಸೇಡಂ ಚಿಂಚೋಳಿಗಳ ಕಿವಿಗೆ ಅದು ದೂರದ್ದು. ಇಲ್ಲಿ ಹೆಂಡವೆಂದರೆ ಸೇಂದಿ, ಸಾರಾಯಿಯೆಂದರೆ ದಾರು. ತೆಲುಗೂ ಉರ್ದೂ ಬೆರೆತ ಇಲ್ಲಿನ ಕನ್ನಡದಲ್ಲಿ ರತ್ನನ ಜೊತೆಗಾರನೊಬ್ಬನು ಇನ್ನೂ ಹುಟ್ಟಬೇಕಾಗಿದೆ. ಹುಟ್ಟಿದರೆ ಅವನು ತೊಗರಿಯ ಹೊಲದಿಂದ ಬರುವನೋ, ಸಿಮೆಂಟು ಕಾರ್ಖಾನೆಯ ಧೂಳಿನಿಂದ ಬರುವನೋ, ತಾಂಡದಿಂದ ಬರುವನೋ. ಅವನಿಗೆ ಪ್ರಾಣಸಮಾನವಾದ ಮೂರನೆಯದು ಕನ್ನಡದ ಪದವೇ ಆಗಬೇಕೆಂಬ ನಿರ್ಬಂಧವೂ ಇಲ್ಲ. ಮಗಳ ಶಾಲೆಯಾಗಬಹುದು, ಭಜನೆಯ ದಿಮ್ಮಾಗಬಹುದು, ನಾಲ್ಕು ಗುಂಟೆ ನೆಲವಾಗಬಹುದು. ಅದು ಅವನೇ ಹೇಳಬೇಕಾದ ಮಾತು.

ರತ್ನನ ಪದ್ಯವನ್ನು ಹಾಡುವವರು ಮರೆಯುವ ಇನ್ನೊಂದು ಸಂಗತಿಯಿದೆ. ಪರೀಕ್ಷೆಯ ಕಥೆಯೆಲ್ಲವೂ ‘ಬಂದರೆ’, ‘ಅಂದರೆ’ ಎಂಬ ಮಾತುಗಳ ಮೇಲೆ ನಿಂತಿರುವುದು. ರತ್ನನು ಪಂತ ಕಟ್ಟಿ, ಹಾರೈಸಿ, ಪದವನ್ನು ಮುಗಿಸಿದಾಗಲೂ ದೇವರು ಇನ್ನೂ ಬಂದಿಲ್ಲ. ಬುಂಡೆಯು ಅವನ ಕೈಯಲ್ಲಿಯೇ ಇದೆ.